ಎಲೆಯ ಮೇಲೆ ನಡೆಯುವ ದೇವನಕ್ಕಿ

ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕೆ, ಆಫ್ರಿಕದಲ್ಲಿ ನೈದಿಲೆ ಎಲೆ ಹಾಸಿಕೊಂಡ ನಿಂತ ನೀರು ಎಲ್ಲಿದ್ದರೂ ಈ ಹಕ್ಕಿ ಕಾಣಸಿಗುತ್ತದೆ. ಬೋಟ್ಸ್ವಾನಾದ ಒಕವಾಂಗೊ, ಕೀನ್ಯಾದ ನೈವಾಶಾ ಸರೋವರ, ಉಗಾಂಡಾದ ಮಬಾಂಬಾ ಜೌಗು, ಎಲ್ಲವೂ ಇದರ ತವರೇ. ಆಫ್ರಿಕನ್ ಜಕಾನಾ ಎಂಬುದು ಇದರ ಹೆಸರು. ನಮ್ಮ ಕೆರೆಗಳ ದೇವನಕ್ಕಿಯ ಬಳಗದ್ದೇ ಆದ್ದರಿಂದ ಆಫ್ರಿಕದ ದೇವನಕ್ಕಿ ಎನ್ನೋಣ.

ಉದ್ದ ಸುಮಾರು 30 ಸೆಂಟಿಮೀಟರ್. ಮೈ ಹುಣಿಸೆಬೀಜದ ಬಣ್ಣ. ಕತ್ತಿನ ಮುಂಭಾಗ ಬಿಳಿ, ಅದರ ಬುಡದಲ್ಲಿ ಅರಿಸಿನ ಬಳಿದಂಥ ಹಳದಿ, ಹಿಂಗತ್ತು ಕಪ್ಪು. ಕೊಕ್ಕಿನಿಂದ ಹಣೆಗೆ ಏರಿದ ತಿಳಿನೀಲಿ ಫಲಕ ದೂರಕ್ಕೂ ಕಾಣುತ್ತದೆ.

ಇದು ನೀರಿನ ಮೇಲೆ ನಡೆಯುತ್ತದೆ ಎಂದು ಅನೇಕರು ನಂಬಿದ್ದಾರೆ. ಇಲ್ಲ, ನಡೆಯುವುದು ಎಲೆಯ ಮೇಲೆ. ಕೆಸರುಗದ್ದೆಗೆ ಇಳಿದವರಿಗೆ ಗುಟ್ಟು ಗೊತ್ತೇ ಇದೆ: ಬರಿಗಾಲು ಮೊಣಕಾಲುದ್ದ ಹೂತುಹೋಗುವ ಕಡೆಯೂ ಅಗಲವಾದ ಹಲಗೆ ಹಾಸಿದರೆ ಅದು ನಮ್ಮನ್ನು ಹೊರುತ್ತದೆ. ದೇವನಕ್ಕಿ ಆ ಹಲಗೆಯನ್ನು ಕಾಲಿನಲ್ಲೇ ಹೊತ್ತಿದೆ. ಅದರ ಬೆರಳುಗಳೂ ಉಗುರುಗಳೂ ಮೈಗೆ ಹೋಲಿಸಿದರೆ ನಂಬಲಾರದಷ್ಟು ಉದ್ದ. ನಾಲ್ಕು ದಿಕ್ಕಿಗೆ ಹರಡಿಕೊಂಡು ಭಾರವನ್ನು ಹಂಚಿಬಿಡುತ್ತವೆ. ಹಾಗಂತ ಎಲೆ ಮುಳುಗುವುದೇ ಇಲ್ಲವೆಂದಲ್ಲ. ಅಂಚು ಬಾಗಿ ನೀರು ಏರತೊಡಗುವ ಹೊತ್ತಿಗೆ ಹಕ್ಕಿ ಮುಂದಿನ ಎಲೆಯಲ್ಲಿ ಹುಳು ಹೆಕ್ಕುತ್ತಿರುತ್ತದೆ!

ಇನ್ನೊಂದು ತಪ್ಪು, ದೊಡ್ಡದು ಗಂಡೆಂದು ಎಣಿಸುವುದು. ಇಲ್ಲಿ ಹೆಣ್ಣೇ ದೊಡ್ಡದು. ಅದು ಹಲವು ಗಂಡುಗಳ ಜೊತೆ ಕೂಡಿ, ಒಬ್ಬೊಬ್ಬನ ಗೂಡಿನಲ್ಲೂ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಟ್ಟು ಹೊರಡುತ್ತದೆ. ಕಂದು ಚಿಪ್ಪಿನ ಮೇಲೆ ಮಗು ಶಾಯಿಯಲ್ಲಿ ಗೀಚಿದಂಥ ಕಪ್ಪು ಗೆರೆಗಳು, ಮೇಲೆ ಎಣ್ಣೆ ಸವರಿದ ಹೊಳಪು. ತೇಲುವ ಗೂಡು ಒದ್ದೆಯಾಗಿರುತ್ತದಲ್ಲ, ಅದಕ್ಕೇ ಅಪ್ಪ ಮೊಟ್ಟೆಗಳನ್ನು ರೆಕ್ಕೆ ಮತ್ತು ಎದೆಯ ನಡುವೆ ಇಟ್ಟುಕೊಂಡು ಕಾವು ಕೊಡುತ್ತಾನೆ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ಮುಂದಿದೆ. ಅಪಾಯ ಬಂದರೆ ಅಪ್ಪ ಬಾಗಿ, ಮರಿಗಳನ್ನು ಎರಡೂ ರೆಕ್ಕೆಯಡಿ ಅವುಚಿಕೊಂಡು ಎದ್ದು ನಡೆದುಬಿಡುತ್ತಾನೆ. ಪುಟ್ಟ ಕಾಲುಗಳು ಕೆಳಗೆ ನೇತಾಡುತ್ತಿರುತ್ತವೆ. ಆಗ ತೆಗೆದ ಚಿತ್ರ ನೋಡಿದವರು ಹಕ್ಕಿಗೆ ಹತ್ತು ಕಾಲುಗಳೇ ಎಂದು ಬೆರಗಾಗುತ್ತಾರೆ. ರೆಕ್ಕೆಯ ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ಒಂದು ಇದಕ್ಕೆ ಕಡ್ಡಿಯಂತಿರದೆ ಅಲಗಿನಂತೆ ಚಪ್ಪಟೆಯಾಗಿದೆ. ಮೊಟ್ಟೆ, ಮರಿಗಳನ್ನು ಹಿಡಿದಿಡಲು ಅದು ಆಸರೆಯಾಗುತ್ತದೆ ಎಂಬುದು ಬಲ್ಲವರ ವಿವರಣೆ. ಅಪ್ಪ ಎತ್ತಿಕೊಳ್ಳುವಷ್ಟು ಹತ್ತಿರ ಇಲ್ಲದಿದ್ದರೆ ಮರಿ ನೀರಲ್ಲಿ ಮುಳುಗಿ, ಕೊಕ್ಕಿನ ತುದಿಯಷ್ಟನ್ನೇ ಹೊರಗಿಟ್ಟು ಉಸಿರಾಡುತ್ತದೆ.

ಇಂಥದೇ ಚಪ್ಪಟೆ ಮೂಳೆ ನಮ್ಮ ಕಂಚುರೆಕ್ಕೆಯ ದೇವನಕ್ಕಿಗೂ ಇದೆ. ಅಲ್ಲೂ ಮರಿ ಸಾಕುವವನು ಅಪ್ಪನೇ. ಮಳೆಗಾಲದಲ್ಲಿ ದುರ್ಬೀನು ಹಿಡಿದು ತಾವರೆ ಕೆರೆಯ ಏರಿ ಮೇಲೆ ಒಂದು ಬೆಳಗ್ಗೆ ಕೂತುಬನ್ನಿ. ರೆಕ್ಕೆಯಡಿ ನೇತಾಡುವ ಕಾಲುಗಳು ಕಂಡರೆ ಎಣಿಸಿ, ಕೆರೆಯ ಹೆಸರಿನೊಡನೆ ತಾರೀಕು ಬರೆದಿಡಿ.