ಸೊಂಡಿಲಿಗೆ ಸೆಂಟ್ರಿಂಗ್

ಮನೆಯಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡವರ ಮೇಜಿನ ಮೇಲೆ ಪ್ರಿಂಟರ್‌ಗಿಂತ ಹೆಚ್ಚು ದುಡಿಯುವುದು ಒಂದು ಕಟಿಂಗ್ ಪ್ಲೇಯರ್. ಪ್ರಿಂಟ್ ಮುಗಿದ ಮೇಲೆ ಅದಕ್ಕೆ ಅಂಟಿಕೊಂಡ ಸಪೋರ್ಟುಗಳನ್ನು ಕೀಳುವುದೇ ಇನ್ನೊಂದು ಪಾಳಿಯ ಕೆಲಸ.

ಸಪೋರ್ಟ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮನೆಯ ಆರ್‌ಸಿಸಿ ಕೆಲಸವನ್ನು ನೆನಪಿಸುತ್ತೇನೆ. ಪ್ರಿಂಟರ್ ಕರಗಿದ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಸುರಿಯುತ್ತಾ ಹೋಗುತ್ತದೆ. ಕೆಳಗೆ ಏನೂ ಇಲ್ಲದಿದ್ದರೆ ಅದು ಜೋತುಬೀಳುತ್ತದೆ. ಹಾಗಾಗಿ ಸ್ಲೈಸರ್ ಎಂಬ ತಂತ್ರಾಂಶ ಮೊದಲು ಸೆಂಟ್ರಿಂಗ್ ಹೊಡೆಯುತ್ತದೆ, ಆಮೇಲೆ ಅದರ ಮೇಲೆ ಸ್ಲ್ಯಾಬು. ಎಲ್ಲಿ ಹೊಡೆಯಬೇಕು ಎಂಬ ಲೆಕ್ಕವೂ ಸರಳ. ನಾಝಲ್‌ನಿಂದ ಬರುವ ಎಳೆ ಸುಮಾರು 0.4 ಮಿ.ಮೀ. ಅಗಲ, ಪದರದ ಎತ್ತರ 0.2 ಮಿ.ಮೀ. ಗೋಡೆ 45 ಡಿಗ್ರಿ ವಾಲಿದರೆ ಪ್ರತಿ ಎಳೆಯೂ 0.2 ಮಿ.ಮೀ. ಹೊರಗೆ ಸರಿಯುತ್ತದೆ, ಅರ್ಧ ಇನ್ನೂ ಕೆಳಗಿನ ಎಳೆಯ ಮೇಲೆ ಕೂತಿರುತ್ತದೆ. ಅದಕ್ಕಿಂತ ಹೆಚ್ಚು ವಾಲಿದಷ್ಟೂ ಅಪಾಯ.

ಇಷ್ಟು ಸರಳವಾದ ವಿಷಯ ಸೆಟ್ಟಿಂಗ್ಸ್ ಪರದೆಗೆ ಬಂದಾಗ ಏನಾಗುತ್ತದೆ ನೋಡಿ. ಕ್ಯೂರಾದಲ್ಲಿ ಈ ಕೋನವನ್ನು ನೇರ ನಿಂತ ಗೋಡೆಯಿಂದ ಅಳೆಯುತ್ತಾರೆ: ಸಂಖ್ಯೆ ಹೆಚ್ಚಿಸಿದರೆ ಸಪೋರ್ಟ್ ಕಡಿಮೆ, 90 ಕೊಟ್ಟರೆ ಏನೂ ಇಲ್ಲ. ಪ್ರೂಸಾಸ್ಲೈಸರ್‌ನಲ್ಲಿ ನೆಲದಿಂದ ಅಳೆಯುತ್ತಾರೆ: ಸಂಖ್ಯೆ ಹೆಚ್ಚಿಸಿದರೆ ಸಪೋರ್ಟ್ ಹೆಚ್ಚು. ಅಲ್ಲಿಯ 60 ಇಲ್ಲಿಯ 30. ಇನ್ನು ಸೊನ್ನೆಯ ಕಥೆ ಬೇರೆ. ಒಂದರಲ್ಲಿ ‘ವಾಲಿದ್ದಕ್ಕೆಲ್ಲ ಕಂಬ ಕೊಡು’ ಎಂದು ಅರ್ಥ, ಇನ್ನೊಂದರಲ್ಲಿ ‘ನೀನೇ ನೋಡಿಕೋ’ ಎಂದು. ಎರಡೂ ತಪ್ಪಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಬಂದವನು ಹಳೆಯ ಸಂಖ್ಯೆಯನ್ನೇ ಹಾಕಿದರೆ ಪ್ರಿಂಟಿನ ಸುತ್ತ ಕಾಡು ಬೆಳೆದಿರುತ್ತದೆ, ಇಲ್ಲವೇ ಬರಗಾಲ.

ಪುಣೆಯ ಭೋಸರಿಯಲ್ಲಿ ಗದಗ ಕಡೆಯ ಗೆಳೆಯನೊಬ್ಬ ಎರಡು ಪ್ರಿಂಟರ್ ಇಟ್ಟುಕೊಂಡು ಚೌತಿಗೆ ಮುಂಚೆ ಪುಟ್ಟ ಗಣಪತಿಗಳನ್ನು ಮಾಡಿ ಮಾರುತ್ತಾನೆ. ಓದಿದ್ದು ಐಟಿಐ, ಕೈಕೆಲಸದಲ್ಲಿ ನಮ್ಮಂಥ ಎಂಟೆಕ್‌ಗಳನ್ನು ಮಾರಿ ಬರುವಂಥವನು. ಕಳೆದ ಹಂಗಾಮಿನಲ್ಲಿ ಒಂದು ಸಂಜೆ ಫೋನ್ ಮಾಡಿದ. “ಏಳು ತಾಸು ಓಡಿಸೀನ್ರಿ ಸರ, ಸಪೋರ್ಟ್ ಕೀಳಾಕ ಹೋದ್ರ ಸೊಂಡಿಲಾನೂ ಕೈಗೆ ಬಂತು. ಮುರಿದ ಗಣಪತಿ ಯಾರ ತೊಗೊಳ್ತಾರ ಹೇಳ್ರಿ?” ಹಾಗೆ ಮೂರು ಮೂರ್ತಿ ಹೋಗಿದ್ದವು.

ಹೋಗಿ ನೋಡಿದೆ. ಸಪೋರ್ಟಿನ ತಲೆಗೂ ಸೊಂಡಿಲಿಗೂ ನಡುವಿನ ಅಂತರ 0.1 ಮಿ.ಮೀ. ಇತ್ತು. ಎಲ್ಲಿಂದಲೋ ಇಳಿಸಿಕೊಂಡ ಪ್ರೊಫೈಲಿನಲ್ಲಿ ಬಂದ ಸಂಖ್ಯೆ. ಗಾರೆಯವರು ಸೆಂಟ್ರಿಂಗ್ ಹಲಗೆಗೆ ಎಣ್ಣೆ ಬಳಿಯುತ್ತಾರಲ್ಲ, ಕಾಂಕ್ರೀಟು ಕಚ್ಚಿಕೊಳ್ಳದಿರಲೆಂದು? ಇಲ್ಲಿ ಎಣ್ಣೆ ಇಲ್ಲ, ಈ ಕೂದಲೆಳೆಯ ಅಂತರವೇ ಎಣ್ಣೆ. ಕಡಿಮೆಯಾದರೆ ತಳ ನುಣುಪು, ಆದರೆ ಕಿತ್ತು ಬರುವುದಿಲ್ಲ. ಹೆಚ್ಚಾದರೆ ಸಲೀಸಾಗಿ ಬರುತ್ತದೆ, ತಳ ಮಾತ್ರ ತರಿತರಿ. ಈ ಕೊಡುಕೊಳ್ಳುವಿಕೆಯೇ ಇಡೀ ವಿಷಯದ ಜೀವಾಳ. ಅವನ ತಂತ್ರಾಂಶ ಅದರ ಬಗ್ಗೆ ಹೇಳಿದ್ದಿಷ್ಟೇ: ‘ಸಪೋರ್ಟಿನ ಮೇಲ್ತುದಿಯಿಂದ ವಸ್ತುವಿಗಿರುವ ದೂರ.’ ದೂರ ಎಂದು ಹೆಸರೇ ಹೇಳುತ್ತಿದೆಯಲ್ಲ! ಅವನಿಗೆ ಬೇಕಿದ್ದದ್ದು ‘ಕಡಿಮೆ ಮಾಡಿದರೆ ಅಂಟೀತು’ ಎಂಬ ಒಂದು ಮಾತು. ನಿರ್ಧರಿಸಲು ಆಗದ ಕಡೆಯಲ್ಲೆಲ್ಲ ಒಂದು ಸೆಟ್ಟಿಂಗ್ ಇಟ್ಟು ಕೈತೊಳೆದುಕೊಳ್ಳುವುದು ನಮ್ಮ ವೃತ್ತಿಯ ಹಳೇ ಚಾಳಿ. ಅದರ ದಂಡ ಕಟ್ಟುವವನು ಇನ್ನೆಲ್ಲೋ ಪ್ಲಾಸ್ಟಿಕ್ ಸುರುಳಿ ಕೊಂಡವನು.

ಸುಧಾರಣೆ ಆಗಿಲ್ಲವೆಂದಲ್ಲ. ಪ್ರೂಸಾಸ್ಲೈಸರ್‌ನಲ್ಲಿ 2021ರಿಂದ ಸಪೋರ್ಟ್ ಬೇಕಾದ ಜಾಗಕ್ಕೆ ಪರದೆಯ ಮೇಲೆಯೇ ಬಣ್ಣ ಬಳಿಯಬಹುದು. 2023ರಲ್ಲಿ ಮರದ ಕೊಂಬೆಯಂತೆ ಕವಲೊಡೆಯುವ ಸಪೋರ್ಟುಗಳು ಬಂದವು. ಕ್ಯೂರಾದಲ್ಲೂ ಮರದ ಬಗೆಯವು ಇವೆ. ತುದಿ ಸಣ್ಣಗಿರುವುದರಿಂದ ಮೂರ್ತಿಗಳಿಗೆ ಇವೇ ವಾಸಿ.

ಆದರೆ ಗೆಳೆಯನನ್ನು ಉಳಿಸಿದ್ದು ಇದ್ಯಾವುದೂ ಅಲ್ಲ. ಗಣಪತಿಯನ್ನು ಪರದೆಯ ಮೇಲೆ ಸ್ವಲ್ಪ ಹಿಂದಕ್ಕೆ ಒರಗಿಸಿದೆವು, ಊಟ ಮುಗಿಸಿ ಗೋಡೆಗೆ ಒರಗಿದಂತೆ. ಮುಂದೆ ಚಾಚಿದ ಸೊಂಡಿಲು, ಮೋದಕದ ಕೈ ಎರಡರ ಕೆಳಗೂ ಕಂಬಗಳು ಕಡಿಮೆಯಾದವು. ಬೇಕಾದ ಸಪೋರ್ಟೆಲ್ಲ ಬೆನ್ನಿಗೆ ಹೋಯಿತು. ಬೆನ್ನು ತರಿಯಾದರೆ ಪೂಜೆಗೆ ಕೂತವರಿಗೆ ಕಾಣುವುದಿಲ್ಲ. ಅಂತರವನ್ನು 0.2ಕ್ಕೆ ಏರಿಸಿದೆವು. ಇಡೀ ಮೂರ್ತಿಗೆ ಕೈಹಾಕುವ ಮೊದಲು ಸೊಂಡಿಲಿನ ಭಾಗವನ್ನಷ್ಟೇ ಕತ್ತರಿಸಿ ಅದನ್ನೇ ಪ್ರಿಂಟ್ ಮಾಡಿದೆವು. ಏಳು ತಾಸಿನ ಬದಲು ನಲವತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು.

ಈಗ ಹೊಸ ಸುರುಳಿ ಬಂದಾಗಲೆಲ್ಲ ಅವನು ಮೊದಲು ಒಂದು ಸೊಂಡಿಲು ಮಾಡಿ ನೋಡುತ್ತಾನೆ. ಪ್ರಿಂಟರಿನ ಹಿಂದಿನ ಗೋಡೆಗೆ ಚೀಟಿಗಳನ್ನು ಅಂಟಿಸಿದ್ದಾನೆ, ಎಲ್ಲವೂ ಕನ್ನಡದಲ್ಲಿ. ಬಿಳಿ ಪ್ಲಾಸ್ಟಿಕ್ಕಿನ ಚೀಟಿಯಲ್ಲಿ ಹೀಗಿದೆ: “0.2 – ಕಿತ್ತರ ಬರ್ತೈತಿ. 0.1 – ಬ್ಯಾಡ, ಸೊಂಡಿಲ ಹೊಕ್ಕೈತಿ.”