ಬೇರೆ ನಾಯಿ ಕಂಡರೆ ಸಿಡಿಯುವ ನಾಯಿಗೆ ಸಹವಾಸದ ಪಾಠ

ಮಲೆನಾಡಿನ ವಜ್ರಳ್ಳಿಯ ಕಡೆ ಯಾರ ಮನೆಗೆ ಹೋದರೂ ದಣಪೆಯ ಬಳಿ ನಿಂತು ಮೊದಲು ಕೇಳುವ ಮಾತು, “ನಾಯಿ ಕಟ್ಟಿದ್ರಾ?” ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆ, ಬೆಟ್ಟ. ಹಗಲು ಮಂಗ, ರಾತ್ರಿ ಕಾಡುಹಂದಿ, ಮುಳ್ಳುಹಂದಿ, ಆಗೀಗ ಚಿರತೆ. ಇಂಥ ಕಡೆ ನಾಯಿ ಸಾಕದ ಮನೆ ಕಡಿಮೆ, ಬೊಗಳದ ನಾಯಿ ಯಾರಿಗೂ ಬೇಡ. ಹಗಲು ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವ ರೂಢಿ ಹುಟ್ಟಿದ್ದೂ ಈ ಕಾವಲಿನ ಅಗತ್ಯದಿಂದಲೇ.

ಮನೆಯವರ ಕಾಲಡಿ ಹೊರಳಾಡುವ ಅದೇ ನಾಯಿ ಇನ್ನೊಂದು ನಾಯಿಯನ್ನು ಕಂಡಾಗ ಬೇರೆಯೇ ಆಗಿಬಿಡುವುದುಂಟು. ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡನ ಬೆನ್ನಿಗೆ ಅವನ ನಾಯಿ ಅಂಗಳಕ್ಕೆ ಬಂದರೆ, ರಸ್ತೆಯಲ್ಲಿ ಯಾವುದೋ ನಾಯಿ ಹಾದುಹೋದರೆ, ಸರಪಳಿ ಕಿತ್ತುಬರುವಂತೆ ಜಿಗಿಯುತ್ತದೆ, ಗಂಟಲು ಹರಿಯುವಂತೆ ಬೊಗಳುತ್ತದೆ. ಹೆಸರು ಹಿಡಿದು ಕರೆದರೂ ಕಿವಿಗೆ ಬೀಳುವುದಿಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಮಗ-ಸೊಸೆ ತಮ್ಮ ಲ್ಯಾಬ್ರಡಾರನ್ನು ಕಾರಿನಲ್ಲಿ ಕರೆತಂದರಂತೂ ಹಬ್ಬ ಮುಗಿಯುವವರೆಗೆ ಒಂದು ನಾಯಿ ಕೋಣೆಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ.

ಇಂಥ ನಾಯಿಯನ್ನು ತರಬೇತುದಾರರು ‘ರಿಯಾಕ್ಟಿವ್’ ಎನ್ನುತ್ತಾರೆ. ಮನೆಯವರ ಕಣ್ಣಿಗೆ ಅದು ಜಗಳಗಂಟ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಆ ಆರ್ಭಟದ ಹಿಂದಿರುವುದು ಹೆದರಿಕೆ. ಬೊಗಳಿದಾಗ ಎದುರಿನ ನಾಯಿ ದೂರ ಹೋಗುತ್ತದೆ. ಅದು ಹೇಗಿದ್ದರೂ ತನ್ನ ದಾರಿ ಹಿಡಿದು ಹೋಗುತ್ತಿತ್ತು. ಕಟ್ಟಿಹಾಕಿದ ನಾಯಿಗೆ ಮಾತ್ರ ತಾನೇ ಓಡಿಸಿದೆ ಎಂದು ಮನದಟ್ಟಾಗುತ್ತದೆ. ಪ್ರತಿದಿನ ಇದೇ ನಡೆದರೆ ಬೊಗಳುವುದು ಗಟ್ಟಿಯಾಗಿ ಬೇರೂರುತ್ತದೆ. ಇನ್ನು ಕೆಲವು ನಾಯಿಗಳಿಗೆ ಹೆದರಿಕೆಯಿಲ್ಲ, ಆಸೆಯಿದೆ. ಹೋಗಿ ಮೂಸಬೇಕು, ಆಡಬೇಕು. ಸರಪಳಿಯೋ ಗೇಟೋ ತಂತಿಬೇಲಿಯೋ ಅಡ್ಡ ಬರುತ್ತದೆ. ಆ ಹತಾಶೆಯೇ ದಿನಗಳೆದಂತೆ ಕೋಪದ ರೂಪ ತಾಳುತ್ತದೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಇಲ್ಲಿ ನಂಬುವಂತಿಲ್ಲ. ಬೊಗಳುವುದು, ಗುರ್ರೆನ್ನುವುದು ಎರಡೂ ಎಚ್ಚರಿಕೆ. “ಹತ್ತಿರ ಬರಬೇಡ” ಎಂದು ಹೇಳಲು ನಾಯಿಗಿರುವ ಸಭ್ಯ ದಾರಿ ಅದು. ಗುರ್ರೆಂದಾಗೆಲ್ಲ ಕೋಲಿನಿಂದ ಹೊಡೆದರೆ ಗುರ್ರೆನ್ನುವುದು ನಿಲ್ಲಬಹುದು, ಹೆದರಿಕೆ ನಿಲ್ಲುವುದಿಲ್ಲ. ಮುಂದೆ ಅದು ಸದ್ದಿಲ್ಲದೆ ಬಾಯಿ ಹಾಕುತ್ತದೆ. ಹೊಡೆತದಿಂದ ಇನ್ನೊಂದು ಕೇಡೂ ಇದೆ: ಬೇರೆ ನಾಯಿ ಕಂಡಾಗೆಲ್ಲ ಪೆಟ್ಟು ಬೀಳುತ್ತದೆ ಎಂದು ನಾಯಿ ಎರಡನ್ನೂ ಒಟ್ಟಿಗೆ ನೆನಪಿಡುತ್ತದೆ. ಅಮೆರಿಕದ ಪ್ರಾಣಿವರ್ತನಾ ಪಶುವೈದ್ಯರ ಸಂಘ 2021ರಲ್ಲಿ ಹೊರಡಿಸಿದ ಹೇಳಿಕೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವರ್ತನೆಯ ತೊಂದರೆ ಇರುವ ನಾಯಿಗಳೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಬಳಸಬೇಕೆಂದು ಅದು ಹೇಳುತ್ತದೆ.

ಮೂರರಿಂದ ಹನ್ನೆರಡು ವಾರ

ನಾಯಿ ಇನ್ನೊಂದು ನಾಯಿಯೊಡನೆ ಹೇಗಿರಬೇಕೆಂದು ಕಲಿಯುವುದು ಬಹಳ ಎಳೆಯ ವಯಸ್ಸಿನಲ್ಲಿ. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ತಿಳಿವಳಿಕೆ. ಆ ಅವಧಿಯಲ್ಲಿ ಕಂಡ ಜನ, ನಾಯಿ, ಸದ್ದು, ವಾಸನೆ ಎಲ್ಲ ಅದರ ಲೋಕದ ಸಹಜ ಭಾಗವಾಗುತ್ತವೆ. ಆಗ ಕಾಣದ್ದು ಮುಂದೆ ಎದುರಾದರೆ ಹೆದರಿಕೆ ಹುಟ್ಟಿಸುವುದು ಸುಲಭ.

ಮಲೆನಾಡಿನ ಲೆಕ್ಕ ಇಲ್ಲೇ ತಪ್ಪುತ್ತದೆ. ನಮ್ಮ ಊರುನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬರುತ್ತವೆ, ಮರಿಗಳು ಚಳಿಗಾಲದಲ್ಲಿ ಹುಟ್ಟುತ್ತವೆ. ಅದು ಅಡಿಕೆ ಕೊಯ್ಲಿನ ಕಾಲ. ಕೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮನೆಯ ಯಾರಿಗೂ ಪುರುಸೊತ್ತಿಲ್ಲ. ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ತಾಯಿಯಿಂದ ಬೇರ್ಪಟ್ಟು ಬಂದ ಮರಿ ಕೊಟ್ಟಿಗೆಯ ಮೂಲೆಯಲ್ಲಿ ಬೆಳೆಯುತ್ತದೆ. ಕೊಯ್ಲು ಮುಗಿದು ಜನ ತಿರುಗಿ ನೋಡುವ ಹೊತ್ತಿಗೆ ಆ ಹನ್ನೆರಡು ವಾರ ಕಳೆದಿರುತ್ತದೆ. ಒಡಹುಟ್ಟಿದವುಗಳೊಡನೆ ಆಡುತ್ತ, ಗಟ್ಟಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂದು ಕಲಿಯುವ ಅವಕಾಶವೂ ಅದಕ್ಕೆ ಸಿಕ್ಕಿರುವುದಿಲ್ಲ.

ಇದರ ಮೇಲೆ ‘ಛೂ’ ಬಿಡುವ ಅಭ್ಯಾಸ. ಮಂಗನ ಹಿಂಡು ತೋಟಕ್ಕೆ ಇಳಿದಾಗ ನಾಯಿಯನ್ನು ಛೂ ಬಿಡುವುದು ಬೇಸಾಯದ ಅಗತ್ಯ. ಆದರೆ ಮಕ್ಕಳು ತಮಾಷೆಗೆ ಪಕ್ಕದ ಮನೆಯ ನಾಯಿಯ ಮೇಲೂ ಛೂ ಎನ್ನುತ್ತಾರೆ. ನಾಯಿಗೆ ಮಂಗವೂ ನಾಯಿಯೂ ಒಂದೇ ಪಟ್ಟಿಗೆ ಸೇರುತ್ತವೆ.

ಪೀಟರ್ ಮತ್ತು ಮೊಲ

ದೊಡ್ಡದಾದ ನಾಯಿಗೆ ಬೇರೆ ನಾಯಿಯೊಡನೆ ಹೊಂದಿಕೊಳ್ಳುವುದನ್ನು ಕಲಿಸಲು ಆಗುವುದಿಲ್ಲವೆಂದಲ್ಲ. ಇಂದು ನಾಯಿ ತರಬೇತುದಾರರು ಬಳಸುವ ವಿಧಾನದ ಮೂಲ ಒಂದು ಮಗುವಿನ ಕತೆಯಲ್ಲಿದೆ. ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1924ರಲ್ಲಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ವಿಪರೀತ ಹೆದರಿಕೆ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ದೂರದ ಬದಿಯಲ್ಲಿ ಇಡಲಾಯಿತು. ಅವನು ಅಳದಷ್ಟು ದೂರ ಇರಬೇಕು ಎಂಬುದೊಂದೇ ನಿಯಮ. ಮೊಲ ದಿನದಿನವೂ ಸ್ವಲ್ಪ ಸ್ವಲ್ಪವೇ ಹತ್ತಿರ ಬಂತು. ಕೊನೆಗೆ ಪೀಟರ್ ಅದನ್ನು ತಾನಾಗಿ ಮುಟ್ಟಿ ಸವರಿದ.

ನಾಯಿಯ ವಿಷಯದಲ್ಲೂ ಕೆಲಸ ಮಾಡುವುದು ಇವೇ ಎರಡು ಸಂಗತಿ: ಹೆದರಿಕೆ ಕೆರಳದಷ್ಟು ದೂರ, ಆ ದೂರದಲ್ಲಿ ಸಿಗುವ ರುಚಿಯಾದ ತಿನಿಸು. ಇನ್ನೊಂದು ನಾಯಿ ಕಣ್ಣಿಗೆ ಬಿದ್ದೊಡನೆ ಬಾಯಿಗೆ ತಿಂಡಿ, ಅದು ಮರೆಯಾದೊಡನೆ ತಿಂಡಿಯೂ ಬಂದ್. ಇದು ಮತ್ತೆ ಮತ್ತೆ ನಡೆದಾಗ ನಾಯಿಯ ಮನಸ್ಸಿನಲ್ಲಿ ‘ನಾಯಿ ಬಂತು, ಅಪಾಯ’ ಎಂಬುದರ ಜಾಗಕ್ಕೆ ‘ನಾಯಿ ಬಂತು, ತಿಂಡಿ ಎಲ್ಲಿ?’ ಎಂಬುದು ಬಂದು ಕೂರುತ್ತದೆ. ಎದುರಿನ ನಾಯಿಯನ್ನು ನೋಡಿ, ಬೊಗಳದೆ ಯಜಮಾನನ ಮುಖದ ಕಡೆ ತಿರುಗಿದ ಆ ಒಂದು ಕ್ಷಣ ಪಾಠ ಹಿಡಿದಿದೆ ಎಂಬುದಕ್ಕೆ ಗುರುತು.

ತಿಂಡಿಗೆ ಪೇಟೆಯ ಪ್ಯಾಕೆಟ್ಟೇ ಆಗಬೇಕೆಂದಿಲ್ಲ. ದೋಸೆಯ ಚೂರು, ಪನೀರು, ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆಯ ತುಣುಕು ಸಾಕು. ಕಡಲೆಕಾಳಿನಷ್ಟು ಚಿಕ್ಕದಿರಬೇಕು, ದಿನನಿತ್ಯ ಸಿಗದ್ದಾಗಿರಬೇಕು. ಈರುಳ್ಳಿ ಹಾಕಿದ್ದು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೊಡಬಾರದು. ಅವು ನಾಯಿಗೆ ವಿಷ.

ದೂರವನ್ನು ಅಳೆಯುವುದು ಹೇಗೆ?

ಅಳತೆಗೋಲು ನಾಯಿಯ ಮೈಯಲ್ಲೇ ಇದೆ. ನಾರ್ವೆಯ ತರಬೇತುಗಾರ್ತಿ ತೂರಿದ್ ರುಗೋಸ್ ನಾಯಿಗಳು ತಮ್ಮೊಳಗೆ ಬಳಸುವ ಸುಮಾರು 30 ಸಮಾಧಾನದ ಸನ್ನೆಗಳನ್ನು ಗುರುತಿಸಿದ್ದಾರೆ. ಮೂಗು ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಇದ್ದಕ್ಕಿದ್ದಂತೆ ನೆಲ ಮೂಸುವುದು ಅವುಗಳಲ್ಲಿ ಕೆಲವು. ಇವು ಕಂಡರೆ ನಾಯಿಗೆ ಕಿರಿಕಿರಿ ಶುರುವಾಗಿದೆ, ಅಲ್ಲಿಗೇ ನಿಲ್ಲಬೇಕು. ಬಾಯಿ ಮುಚ್ಚಿ, ಮೈ ಸೆಟೆದು, ಬಾಲ ನೆಟ್ಟಗಾಗಿ, ಕಣ್ಣು ನೆಟ್ಟು ನಿಂತರೆ ಆಗಲೇ ತಡವಾಗಿದೆ, ಹಿಂದೆ ಸರಿಯಬೇಕು. ಇಷ್ಟದ ತಿಂಡಿಯನ್ನೂ ಮೂಸದಿದ್ದರೆ ದೂರ ಸಾಲದು ಎಂದೇ ಅರ್ಥ. ಒಂದು ನಾಯಿಗೆ ಇಪ್ಪತ್ತು ಅಡಿ ಸಾಕಾದರೆ ಇನ್ನೊಂದಕ್ಕೆ ಇನ್ನೂರು ಅಡಿ ಬೇಕಾಗಬಹುದು.

ಆದ್ದರಿಂದ ಜಾಗದ ಆಯ್ಕೆ ಮುಖ್ಯ. ಎರಡು ಬದಿಯೂ ಕಾಲುವೆಯಿರುವ ತೋಟದ ಕಾಲುದಾರಿ, ಒಬ್ಬರೇ ದಾಟಬಹುದಾದ ಸಂಕ ಇಂಥ ಪಾಠಕ್ಕೆ ಹೇಳಿಸಿದ್ದಲ್ಲ. ಅಲ್ಲಿ ಎರಡು ನಾಯಿಗಳು ಮುಖಾಮುಖಿಯಾದರೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಕೊಯ್ಲಾದ ಗದ್ದೆಬಯಲು, ರಜಾದಿನದ ಶಾಲಾ ಮೈದಾನ ಒಳ್ಳೆಯದು. ಕಟ್ಟಿಹಾಕದ ನಾಯಿಗಳು ಭೇಟಿಯಾಗುವುದನ್ನು ಯಲ್ಲಾಪುರ, ಶಿರಸಿಯ ಬೀದಿಗಳಲ್ಲಿ ಗಮನಿಸಿದರೆ ಕಾರಣ ತಿಳಿಯುತ್ತದೆ. ಅವು ನೇರವಾಗಿ ನುಗ್ಗುವುದು ಕಡಿಮೆ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬಂದು, ಪಕ್ಕ ಕೊಟ್ಟು ನಿಂತು, ಹಿಂಭಾಗ ಮೂಸಿ, ಬೇರೆಯಾಗುತ್ತವೆ. ಬಿಗಿಹಿಡಿದ ಹಗ್ಗ ನಾಯಿಯಿಂದ ಈ ಮರ್ಯಾದೆಯನ್ನೇ ಕಸಿಯುತ್ತದೆ. ಎದೆ ಮುಂದಾಗಿ, ಕತ್ತು ಬಿಗಿದು ನಿಂತ ನಾಯಿ ಎದುರಿನದಕ್ಕೆ ಜಗಳಕ್ಕೆ ಬಂದಂತೆಯೇ ಕಾಣುತ್ತದೆ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್, ಹತ್ತು ಹದಿನೈದು ಅಡಿಯ ಸಡಿಲ ಹಗ್ಗ ಬಳಸಿದರೆ ಅರ್ಧ ತೊಂದರೆ ತಾನಾಗಿ ಕಡಿಮೆಯಾಗುತ್ತದೆ.

ಕಲಿಕೆಯ ಸಮಯ ಹತ್ತು ನಿಮಿಷ ಮೀರಬಾರದು. ಒಮ್ಮೆ ಸಿಡಿದ ನಾಯಿಯ ಮೈ ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಂದು ಮತ್ತೆ ಪಾಠ ಬೇಡ. ಬೆಂಗಳೂರಿನ ನಾಯಿ ವರ್ತನಾ ತಜ್ಞೆ ಸಿಂಧೂರ್ ಪಂಗಲ್ ಅಲ್ಲಿನ ಬೀದಿನಾಯಿಗಳ ದಿನಚರಿಯನ್ನು ಅಧ್ಯಯನ ಮಾಡಿದಾಗ ಕಂಡದ್ದು, ಅವು ದಿನದ ಬಹುಪಾಲನ್ನು ಮಲಗಿ, ಸುಮ್ಮನೆ ಕುಳಿತು ಕಳೆಯುತ್ತವೆ ಎಂಬುದು. ಓಡಿಸಿ ಸುಸ್ತು ಮಾಡಿದರೆ ನಾಯಿ ಸರಿಹೋಗುತ್ತದೆ ಎಂಬ ನಂಬಿಕೆಗೆ ಇದು ಉತ್ತರ. ಸಿಡಿಯುವ ನಾಯಿಗೆ ಬೇಕಾದದ್ದು ನೆಮ್ಮದಿಯ ನಿದ್ದೆ, ಮೂಸುತ್ತ ನಿಧಾನವಾಗಿ ಅಡ್ಡಾಡಲು ಬಿಡುವು.

ಹಬ್ಬಕ್ಕೆ ಬಂದ ನಾಯಿ, ಮನೆಯ ನಾಯಿ

ಬೆಂಗಳೂರಿನ ಲ್ಯಾಬ್ರಡಾರ್ ಮತ್ತು ಅಂಗಳದ ಕಾವಲುನಾಯಿಯ ಪರಿಚಯ ಅಂಗಳದಲ್ಲಿ ಆಗಬಾರದು. ಅದು ಮನೆಯ ನಾಯಿ ಕಾಯುವ ಜಾಗ. ಕಾರು ಮನೆಗೆ ಬರುವ ಮೊದಲೇ, ಎರಡಕ್ಕೂ ಹಕ್ಕಿಲ್ಲದ ಅಗಲ ರಸ್ತೆಯಲ್ಲೋ ಬಯಲಿನಲ್ಲೋ ಇಬ್ಬರು ಒಂದೊಂದು ನಾಯಿ ಹಿಡಿದು ನಿಲ್ಲಬೇಕು. ಎರಡನ್ನೂ ಒಂದೇ ದಿಕ್ಕಿಗೆ, ಸಾಕಷ್ಟು ಅಂತರದಲ್ಲಿ ಅಕ್ಕಪಕ್ಕ ನಡೆಸಬೇಕು. ಎರಡೂ ಆರಾಮವಾಗಿ ನೆಲ ಮೂಸುತ್ತಿದ್ದರೆ ಅಂತರ ಸ್ವಲ್ಪ ಕಡಿಮೆ ಮಾಡುವುದು. ಆಮೇಲೆ ಒಂದು ನಡೆದ ಜಾಗವನ್ನು ಇನ್ನೊಂದು ಮೂಸಲಿ. ವಾಸನೆಯ ಮೂಲಕ ಆಗುವ ಪರಿಚಯ ಎದುರುಬದುರು ಭೇಟಿಗಿಂತ ಸೌಮ್ಯ. ಹತ್ತಿರ ಬಂದ ಮೇಲೂ ಮೂರು ಸೆಕೆಂಡು ಮೂಸಲು ಬಿಟ್ಟು, ಖುಷಿಯ ದನಿಯಲ್ಲಿ ಕರೆದು ದೂರ ಒಯ್ಯಬೇಕು. ಒಂದೇ ದಿನದಲ್ಲಿ ಇಷ್ಟೆಲ್ಲ ಆಗದಿದ್ದರೆ ಬೇಸರ ಬೇಡ. ಅಂಗಳಕ್ಕೆ ಬಂದ ಮೇಲೆ ಊಟದ ತಟ್ಟೆ, ಮಲಗುವ ಗೋಣಿ, ಎಲುಬು ಬೇರೆ ಬೇರೆ ಕಡೆ ಇರಲಿ. ಜಗಳಗಳು ಹತ್ತಿಕೊಳ್ಳುವುದು ಹೆಚ್ಚಾಗಿ ಇವುಗಳ ಸುತ್ತ.

ಸಂಜೆಯ ಮಬ್ಬಿನಲ್ಲಿ ಈ ಪ್ರಯತ್ನ ಬೇಡ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಗಳ ಆಹಾರವನ್ನು ಅಭ್ಯಸಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತೂಕದ ಲೆಕ್ಕದಲ್ಲಿ ಅದರ ಶೇ 39ರಷ್ಟು ಸಾಕುನಾಯಿ. ಕಾಡಂಚಿನ ನಾಯಿ ಕತ್ತಲಾದ ಮೇಲೆ ಮೈಯೆಲ್ಲ ಕಿವಿಯಾಗಿರುವುದಕ್ಕೆ ಕಾರಣವಿದೆ. ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿಗಂತೂ ಓಡುವ ದಾರಿಯೂ ಇಲ್ಲ. ಗಟ್ಟಿ ಗೂಡಿನಲ್ಲಿ ನಿಶ್ಚಿಂತೆಯಿಂದ ಮಲಗಿದ ನಾಯಿ ಮರುದಿನ ಬೇರೆ ನಾಯಿಯನ್ನು ಸಹಿಸುವ ಸಾಧ್ಯತೆ ಹೆಚ್ಚು.

ಮೊದಲು ಪಶುವೈದ್ಯರು

ಇದುವರೆಗೆ ಸುಮ್ಮನಿದ್ದ ನಾಯಿ ಈಚೆಗೆ ಸಿಡಿಯತೊಡಗಿದ್ದರೆ ಮೊದಲು ತಾಲ್ಲೂಕಿನ ಪಶು ಆಸ್ಪತ್ರೆಗೆ ತೋರಿಸಬೇಕು. ಕಿವಿಯ ಸೋಂಕು, ಹಲ್ಲುನೋವು, ಸಂದುನೋವು, ಬೆರಳಸಂದಿನಲ್ಲಿ ಕೂತ ಉಣುಗು ಯಾವುದೂ ಹೊರಗೆ ಕಾಣದಿರಬಹುದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಬರೆದಂತೆ, ವರ್ತನೆಯ ತೊಂದರೆಗೆಂದು ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗಕ್ಕೆ ಮೈನೋವು ಇರುತ್ತದೆ. ತೀರ ಹೆದರುವ ನಾಯಿಗೆ ವೈದ್ಯರು ಆತಂಕ ತಗ್ಗಿಸುವ ಔಷಧಿಯನ್ನೂ ಬರೆದುಕೊಡಬಹುದು. ನಡತೆ ಏಕಾಏಕಿ ಬದಲಾಗಿ, ಜೊಲ್ಲು ಸುರಿಸುತ್ತ, ಕಂಡದ್ದನ್ನೆಲ್ಲ ಕಚ್ಚುವ ನಾಯಿಗೆ ಯಾವ ತರಬೇತಿಯೂ ಸಲ್ಲದು. ಅದು ರೇಬೀಸ್ ಇರಬಹುದು, ಹತ್ತಿರ ಹೋಗಬಾರದು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಷ್ಟು ಬದಲಾಗಬಹುದು?

ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್‌ಗೆ ಸೇರಿದ ವರ್ಜೀನಿಯಾದ ಜಾಗವೊಂದರ ಮೇಲೆ 2007ರಲ್ಲಿ ದಾಳಿ ನಡೆದಾಗ ಸುಮಾರು ಐವತ್ತು ಪಿಟ್‌ಬುಲ್‌ಗಳು ಸಿಕ್ಕಿದವು. ಕಾದಾಟಕ್ಕೆಂದೇ ಸಾಕಿದ ನಾಯಿಗಳು. ಇವನ್ನು ಕೊಲ್ಲುವುದೇ ಸರಿ ಎಂದವರು ಪ್ರಾಣಿದಯಾ ವಲಯದಲ್ಲೂ ಇದ್ದರು. ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿದಾಗ ಬಹುತೇಕ ನಾಯಿಗಳು ಆಕ್ರಮಣಕಾರಿಯಾಗಿರದೆ ಹೆದರಿ ಮುದುಡಿದ್ದವು. 22 ನಾಯಿಗಳು ಯೂಟಾದ ಬೆಸ್ಟ್ ಫ್ರೆಂಡ್ಸ್ ಆಶ್ರಯಧಾಮ ಸೇರಿದವು, ಉಳಿದವುಗಳಲ್ಲಿ ಹೆಚ್ಚಿನವು ಬೇರೆ ಸಂಸ್ಥೆಗಳಿಗೆ ಹೋದವು. ಹಲವು ಮುಂದೆ ಮನೆಗಳಲ್ಲಿ ಬೇರೆ ನಾಯಿಗಳೊಡನೆ ಬಾಳಿದವು. ಜಾನಿ ಜಸ್ಟಿಸ್ ಎಂಬುದು ಮಕ್ಕಳು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳುವ ನಾಯಿಯಾಯಿತು. ಎಲ್ಲ ನಾಯಿಗಳೂ ಅಷ್ಟು ಬದಲಾಗಲಿಲ್ಲ. ಕೆಲವು ಕೊನೆಯವರೆಗೂ ಆಶ್ರಯಧಾಮದಲ್ಲೇ ಉಳಿದವು.

ಹಾಗಾಗಿ ಗುರಿಯೂ ಹದವಾಗಿರಬೇಕು. ಊರಿನ ಎಲ್ಲ ನಾಯಿಗಳೊಡನೆ ಗೆಳೆತನ ಯಾವ ನಾಯಿಗೂ ಕಡ್ಡಾಯವಲ್ಲ. ಅಪರಿಚಿತರು ಬಂದರೆ ನಾಲ್ಕು ಸಲ ಬೊಗಳಿ, ಕರೆದೊಡನೆ ಸುಮ್ಮನಾಗುವ, ರಸ್ತೆಯಲ್ಲಿ ಇನ್ನೊಂದು ನಾಯಿ ಹಾದುಹೋದರೆ ಒಮ್ಮೆ ನೋಡಿ ಮುಂದೆ ನಡೆಯುವ ನಾಯಿ ತೋಟದ ಮನೆಗೆ ಸಾಕು. ಕಾವಲೂ ಕೆಡುವುದಿಲ್ಲ, ನಾಯಿಯ ಎದೆಬಡಿತವೂ ದಿನವಿಡೀ ಏರುವುದಿಲ್ಲ.

ಈ ಚಳಿಗಾಲದಲ್ಲಿ ಮರಿ ತರುವವರಿಗೆ ಕೆಲಸ ಇನ್ನೂ ಸುಲಭ. ಎಂಟು ವಾರದವರೆಗೆ ಮರಿ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆಗಿರಲಿ. ಆರರಿಂದ ಎಂಟನೆಯ ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ತಡೆಯುವ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ, ಬೀದಿಯ ನೆಲಕ್ಕೆ ಇಳಿಸದೆ ಎತ್ತಿಕೊಂಡು ಹೋಗಿ, ಲಸಿಕೆ ಹಾಕಿಸಿಕೊಂಡ ಶಾಂತ ಸ್ವಭಾವದ ನಾಯಿಯಿರುವ ನೆರೆಮನೆಯ ಅಂಗಳದಲ್ಲಿ ಅರ್ಧ ಗಂಟೆ ಬಿಡಬಹುದು. ಒಂದೇ ಸೂಲಿನ ಮರಿಗಳನ್ನು ಹಂಚಿಕೊಂಡ ಎರಡು ಮನೆಗಳವರು ಕೊಯ್ಲಿನ ನಡುವೆಯೂ ವಾರಕ್ಕೆರಡು ಸಂಜೆ, ಬೆಳಕಿರುವಾಗಲೇ, ಅವನ್ನು ಒಟ್ಟಿಗೆ ಆಡಲು ಬಿಟ್ಟರೆ ಮುಂದಿನ ದೀಪಾವಳಿಗೆ ಬರುವ ಲ್ಯಾಬ್ರಡಾರನ್ನು ಕೋಣೆಯಲ್ಲಿ ಕೂಡಿಹಾಕುವ ಪ್ರಮೇಯ ಬಹುಶಃ ಬರುವುದಿಲ್ಲ.