58 ಸಾವಿರದ ರಿಪೇರಿ, ಒಂಬತ್ತನೇ ದಿನಕ್ಕೇ ಇಂಜಿನ್ ಜಾಮ್!

ರಾತ್ರಿ ಎರಡು ಗಂಟೆ. ಮುಳಬಾಗಿಲು ಕಡೆಯಿಂದ ಕೋಲಾರದ ಮಂಡಿಗೆ ಬರುತ್ತಿದ್ದ ಪಿಕಪ್ ಗಾಡಿಯೊಂದು ಹೆದ್ದಾರಿ ಮಧ್ಯೆ ಟಕಟಕ ಸದ್ದು ಮಾಡಿ, ಒಮ್ಮೆ ಜಗ್ಗಿ, ನಿಂತೇಬಿಟ್ಟಿತು. ಕೀಲಿ ತಿರುವಿದರೆ ಇಂಜಿನ್ ಅಲ್ಲಾಡಲೊಲ್ಲದು. ಹಿಂದೆ 110 ಬಾಕ್ಸ್ ಟೊಮೇಟೊ. ಮುಂದೆ ಗಾಡಿಯ ಮಾಲೀಕ, ಅವನ ಪಕ್ಕದಲ್ಲಿ ಮಾಲಿನ ರೈತ. ಇಬ್ಬರ ಬಾಯಲ್ಲೂ ಮಾತಿಲ್ಲ.

ಟೊಮೇಟೊ ತಾನೇ ಎನ್ನುವವರು ಇದು ಯಾವಾಗಿನ ಮಾತು ಎಂಬುದನ್ನು ನೆನೆಯಬೇಕು. 2023ರ ಜುಲೈ! ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿದ್ದ ತಿಂಗಳು. ಲೆಕ್ಕ ಹಾಕಿದರೆ ಆ ಗಾಡಿಯ ಬೆನ್ನ ಮೇಲಿದ್ದದ್ದು ಎರಡು ಲಕ್ಷಕ್ಕೂ ಮಿಕ್ಕಿದ ಮಾಲು. ಅದೇ ತಿಂಗಳು ಬೆಂಗಳೂರಿನಲ್ಲಿ ಟೊಮೇಟೊ ತುಂಬಿದ ಗಾಡಿಯನ್ನೇ ಅಡ್ಡಗಟ್ಟಿ ಮಾಲು ಸಮೇತ ಹೊಡೆದುಕೊಂಡು ಹೋದ ಸುದ್ದಿ ಎಲ್ಲರ ಬಾಯಲ್ಲಿತ್ತು. ರೈತ ಮಹಾಶಯ ಕೆಳಗಿಳಿದವನೇ ಕೈಗೆ ಜಾಕಿ ರಾಡು ತೆಗೆದುಕೊಂಡು ಗಾಡಿಯ ಹಿಂದೆ ಕಾವಲು ನಿಂತ.

ಅವನ ಅಳಿಯ ಇನ್ನೊಂದು ಗಾಡಿ ತಂದ. ಮೊಬೈಲು ಬೆಳಕಿನಲ್ಲಿ ಬಾಕ್ಸುಗಳನ್ನು ಒಂದೊಂದಾಗಿ ಎತ್ತಿ ಹಾಕಿ ಮಂಡಿ ಮುಟ್ಟಿಸುವಾಗ ಬೆಳಕು ಹರಿದಿತ್ತು. ಮಾಲು ಉಳಿಯಿತು. ಬಾಡಿಗೆ ಹೋಯಿತು. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು.

ಎಲ್ಲ ಹೊಸದು ಅಣ್ಣ!

ಹಾಗೆಂದು ಆ ಗಾಡಿಯೇನು ರಿಪೇರಿ ಕಾಣದ ಗಾಡಿಯಲ್ಲ. ಕೇವಲ ಒಂಬತ್ತು ದಿನದ ಹಿಂದೆ ಗ್ಯಾರೇಜಿನಿಂದ ಹೊರಬಂದದ್ದು. ನೀಲಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಏರಿನಲ್ಲಿ ಎಳೆಯುತ್ತಿರಲಿಲ್ಲ. ಹೆದ್ದಾರಿ ಬದಿಯ ಮೆಕ್ಯಾನಿಕ್ ಒಬ್ಬ ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಬೇಕೆಂದ. ಸಾಮಾನಿಗೆ 36,500, ಕೂಲಿ 17,000, ಕ್ರ್ಯಾಂಕ್ ಗ್ರೈಂಡಿಂಗಿಗೆ ಲೇತಿನವನಿಗೆ 4,500. ಒಟ್ಟು 58,000 ರೂಪಾಯಿ. ಮಾಲೀಕ ಕೈಸಾಲ ಮಾಡಿ ಕೊಟ್ಟ. ತಿಂಗಳಿಗೆ 14,200ರ ಕಂತು ಬೇರೆ ಕುತ್ತಿಗೆ ಮೇಲಿತ್ತು. ಒಂದೇ ಗಾಡಿ, ತಾನೇ ಡ್ರೈವರು. ಗಾಡಿ ಓಡಿದರೆ ಮನೆಯಲ್ಲಿ ಒಲೆ.

“ಎಲ್ಲಾ ಹೊಸಾದು ಹಾಕಿವ್ನಿ ಅಣ್ಣ. ಇನ್ನೈದು ವರ್ಷ ಬಾನೆಟ್ ಎತ್ತೋಹಂಗಿಲ್ಲ” ಎಂದು ಮೆಕ್ಯಾನಿಕ್ ಮಾತು ಕೊಟ್ಟ. ಬಿಲ್ಲು ಕೇಳಿದ್ದಕ್ಕೆ “ಬಿಲ್ ಅಂದ್ರೆ ಜಿಎಸ್‌ಟಿ ಸೇರ್ತದೆ, ಸುಮ್ನೆ ನಿಂಗೇ ಭಾರ” ಎಂದು ಬಿಡಿಭಾಗದ ಅಂಗಡಿಯ ಚೀಟಿಯ ಹಿಂದೆ ಮೂರು ಸಾಲು ಗೀಚಿದ. ಸಹಿ ಇಲ್ಲ, ತಾರೀಖಿಲ್ಲ. (ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಗ್ಯಾರೇಜೂ ಸಹಿ ಹಾಕಿದ ಸಾದಾ ಬಿಲ್ಲು ಧಾರಾಳವಾಗಿ ಕೊಡಬಹುದು. ಈ ‘ಭಾರ’ದ ಕಥೆ ಎಲ್ಲ ಊರಿನಲ್ಲೂ ಒಂದೇ!)

ಐದನೇ ದಿನವೇ ಮುನ್ಸೂಚನೆ ಸಿಕ್ಕಿತ್ತು. ಇಂಜಿನ್ ಬಿಸಿಯಾಗಿ, ಸಿಗ್ನಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಮಿಣಮಿಣ ಎನ್ನತೊಡಗಿತು. ಫೋನಿನಲ್ಲಿ ವಿಚಾರಿಸಿದರೆ ಮೆಕ್ಯಾನಿಕ್ಕಿನ ವಾಯ್ಸ್ ಮೆಸೇಜು ಬಂತು: “ಸೆನ್ಸರ್ ಪ್ರಾಬ್ಲಮ್ ಅಣ್ಣ ಅದು. ತಲೆ ಕೆಡಿಸ್ಕೋಬೇಡ, ಓಡ್ಸು.” ಮಾಲೀಕ ತಲೆ ಕೆಡಿಸಿಕೊಳ್ಳಲಿಲ್ಲ. ಓಡಿಸಿದ.

ಅವನ ಮುಂದೇನೇ ಬಿಚ್ಚೋಣ

ಗಾಡಿಯನ್ನು ಎಳೆದು ತಂದದ್ದು ಅದೇ ಗ್ಯಾರೇಜಿಗಲ್ಲ, ಊರೊಳಗಿನ ಒಬ್ಬ ಹಳೇ ಮೇಸ್ತ್ರಿಯ ಶೆಡ್ಡಿಗೆ. ಮಾಲೀಕನಿಗೆ ಮೈಯೆಲ್ಲ ಉರಿ. ಈಗಲೇ ಬಿಚ್ಚು, ಅವನ ಬಣ್ಣ ಬಯಲಾಗಲಿ ಎಂದು ಪಟ್ಟು ಹಿಡಿದ. ಮೇಸ್ತ್ರಿ ಸ್ಪ್ಯಾನರು ಮುಟ್ಟಲಿಲ್ಲ. ಬೀಡಿ ಹಚ್ಚಿ ಕುಳಿತ.

“ನಾನು ಬಿಚ್ಚಿದ್ರೆ ನಾನೇ ಕೆಡಿಸ್ದೆ ಅಂತಾನೆ ಕಣಪ್ಪ. ಅವನ ಕೈ ಬಿದ್ದ ಇಂಜಿನ್ನು, ಅವನ ಮುಂದೇನೇ ಬಿಚ್ಚೋಣ. ಕರೆಸು.”

ಈ ಒಂದು ಮಾತೇ ಮುಂದಿನದ್ದನ್ನೆಲ್ಲ ತೀರ್ಮಾನಿಸಿದ್ದು. ಸಾಮಾನ್ಯವಾಗಿ ಇಂಥ ಜಗಳಗಳಲ್ಲಿ ಏನಾಗುತ್ತದೆ? ಸಿಟ್ಟಿನಲ್ಲಿ ಎರಡನೇ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸುತ್ತಾರೆ. ಹಳೇ ಬಿಡಿಭಾಗಗಳು ಗುಜರಿಗೆ ಹೋಗುತ್ತವೆ. ಆಮೇಲೆ ಪಂಚಾಯ್ತಿಯಾದರೂ ಸರಿ, ಕೋರ್ಟಾದರೂ ಸರಿ, ಕೇಳುವ ಮೊದಲ ಪ್ರಶ್ನೆಗೆ ಇವರಲ್ಲಿ ಉತ್ತರವಿರುವುದಿಲ್ಲ: ಇದು ಮೊದಲಿನವನು ಮಾಡಿದ್ದೇ ಎನ್ನುವುದಕ್ಕೆ ಏನು ಸಾಕ್ಷಿ?

ಮರುದಿನ ಮೆಕ್ಯಾನಿಕ್ ಬಂದ. ಪಿಕಪ್ ಸ್ಟ್ಯಾಂಡಿನ ಹಿರಿಯರಿಬ್ಬರು ಬಂದರು. ಟೊಮೇಟೊ ರೈತನ ಮಗ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಚೇಂಬರ್ ಇಳಿಸಿದರೆ ಕಪ್ಪು ಆಯಿಲಿನ ತಳದಲ್ಲಿ ಮಿರಿಮಿರಿ ಲೋಹದ ಪುಡಿ! ಮೂರನೇ ಸಿಲಿಂಡರಿನ ಬೇರಿಂಗು ಸುಟ್ಟು, ತಿರುಗಿ, ಕ್ರ್ಯಾಂಕಿಗೆ ಕಚ್ಚಿಕೊಂಡಿತ್ತು.

“ಓವರ್‌ಲೋಡು! ನಾನೇನ್ ಮಾಡ್ಲಿ?” ಎಂದ ಮೆಕ್ಯಾನಿಕ್. “ಇಂಜಿನ್ ಕೆಲ್ಸ ಆದ್ಮೇಲೆ ಸಾವಿರ ಕಿಲೋಮೀಟರ್ ಕಮ್ಮಿ ಲೋಡಲ್ಲಿ ಓಡಿಸ್ಬೇಕು. ಇವ್ನು ಎರಡನೇ ದಿನಾನೇ ನೂರು ಬಾಕ್ಸ್ ಹೊಡೆದವ್ನೆ.”

ಆ ಮಾತು ಪೂರಾ ಸುಳ್ಳೇನಲ್ಲ. 110 ಬಾಕ್ಸ್ ಎಂದರೆ ಹಣ್ಣೇ 1,650 ಕೆ.ಜಿ., ಬಾಕ್ಸಿನ ತೂಕ ಬೇರೆ. ಹೊಸ ರಿಂಗು, ಹೊಸ ಬೇರಿಂಗು ಕೂಡಿಕೊಳ್ಳುವ ಮೊದಲೇ ಆ ಪರಿ ಹೇರಿದ್ದು ತಪ್ಪೇ. ದರ ಏರಿದ್ದ ಆ ದಿನಗಳಲ್ಲಿ ಯಾರು ತಾನೇ ಅರ್ಧ ಲೋಡು ಹೊಡೆದಾರು? ಇನ್ನು ರಿಪೇರಿಗೆ ಕೊಡುವಾಗ “ನಾಡಿದ್ದು ಬೆಳಿಗ್ಗೆ ಗಾಡಿ ಬೇಕೇ ಬೇಕು” ಎಂದು ಮೆಕ್ಯಾನಿಕ್ಕಿನ ಬೆನ್ನು ಬಿದ್ದವನೂ ಈ ಮಾಲೀಕನೇ. ಸ್ಟ್ಯಾಂಡಿನ ಹಿರಿಯರು ಗಡ್ಡ ಕೆರೆದುಕೊಂಡರು. ಪಾರುಪತ್ಯ ಮೆಕ್ಯಾನಿಕ್ಕಿನ ಕಡೆ ವಾಲುತ್ತಿತ್ತು.

ಬೇರಿಂಗಿನ ಬೆನ್ನಿನ ಮೇಲೆ

ಆಗ ಮೇಸ್ತ್ರಿ ಸುಡದೆ ಉಳಿದಿದ್ದ ಇನ್ನೊಂದು ಬೇರಿಂಗನ್ನು ತೆಗೆದು ಬಟ್ಟೆಯಲ್ಲಿ ಒರೆಸಿ, ಹಿಂಬದಿಯನ್ನು ಹಿರಿಯರ ಮುಂದೆ ಹಿಡಿದ. ಸಣ್ಣಗೆ ಮೂರಕ್ಷರ ಒತ್ತಿತ್ತು: ಎಸ್‌ಟಿಡಿ.

ಎಸ್‌ಟಿಡಿ ಎಂದರೆ ಹಳಬರಿಗೆ ಫೋನಿನ ಬೂತು ನೆನಪಾದೀತು. ಗ್ಯಾರೇಜಿನಲ್ಲಿ ಅದರ ಅರ್ಥ ‘ಸ್ಟ್ಯಾಂಡರ್ಡ್’. ಕ್ರ್ಯಾಂಕು ಕಂಪನಿಯಿಂದ ಬಂದ ಅಳತೆಯಲ್ಲೇ ಇದ್ದರೆ ಹಾಕುವ ಬೇರಿಂಗು. ಕ್ರ್ಯಾಂಕು ಸವೆದು ಅಂಕುಡೊಂಕಾದಾಗ ಲೇತಿನಲ್ಲಿ ಅದನ್ನು 0.25 ಮಿ.ಮೀ. ಇಲ್ಲವೇ 0.50 ಮಿ.ಮೀ. ಅರೆದು ಸಮ ಮಾಡುತ್ತಾರೆ. ಅರೆದಷ್ಟು ಕ್ರ್ಯಾಂಕು ಸಣ್ಣದಾಗುವುದರಿಂದ, ಅಷ್ಟು ದಪ್ಪ ಹೆಚ್ಚಿರುವ ಬೇರಿಂಗು ಹಾಕಬೇಕು. ಅದರ ಬೆನ್ನಿನ ಮೇಲೆ ಆ ಅಂಕಿಯೇ ಇರುತ್ತದೆ.

“ಕ್ರ್ಯಾಂಕ್ ಗ್ರೈಂಡಿಂಗ್ ಮಾಡ್ಸಿದೀನಿ ಅಂತ ನಾಲ್ಕೂವರೆ ಸಾವಿರ ಬರ್ದಿದ್ದೀಯ. ಗ್ರೈಂಡಿಂಗ್ ಆದ ಕ್ರ್ಯಾಂಕಿಗೆ ಸ್ಟ್ಯಾಂಡರ್ಡ್ ಬೇರಿಂಗ್ ಹೆಂಗಪ್ಪ ಹಾಕ್ದೆ?” ಎಂದ ಮೇಸ್ತ್ರಿ.

ಶೆಡ್ಡಿನಲ್ಲಿ ಸದ್ದಿಲ್ಲ.

ನಡೆದದ್ದು ಇಷ್ಟೆ. ಅವಸರದಲ್ಲಿ ಕ್ರ್ಯಾಂಕು ಲೇತಿಗೆ ಹೋಗಲೇ ಇಲ್ಲ. ಮೈಕ್ರೋಮೀಟರಿನಲ್ಲಿ ಅಳೆಯಲೂ ಇಲ್ಲ. ಸವೆದ ಕ್ರ್ಯಾಂಕಿಗೆ ಹೊಸ ಬೇರಿಂಗು ಹಾಕಿ ಬೋಲ್ಟು ಬಿಗಿದುಬಿಟ್ಟ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು, ಹೆಚ್ಚುಕಮ್ಮಿ ಒಂದು ಕೂದಲೆಳೆ. ಆ ಸಂದಿನಲ್ಲಿ ಆಯಿಲ್ ಒತ್ತಡದಿಂದ ತುಂಬಿ ನಿಂತು, ಲೋಹ ಲೋಹವನ್ನು ಮುಟ್ಟದಂತೆ ಕಾಯುತ್ತದೆ. ಸಂದು ಹಿಗ್ಗಿದರೆ ಆಯಿಲ್ ನಿಲ್ಲದೆ ಪಕ್ಕದಿಂದ ಸೋರಿಹೋಗುತ್ತದೆ. ಬಿಸಿಯಾಗಿ ತೆಳುವಾದಾಗಲಂತೂ ಇನ್ನೂ ಬೇಗ. ಐದನೇ ದಿನ ಮಿಣುಕಿದ ದೀಪ ಹೇಳಿದ್ದು ಇದನ್ನೇ. ಸೆನ್ಸರು ಸರಿಯಾಗಿಯೇ ಇತ್ತು!

ಮಾಲೀಕ ಆ ವಾಯ್ಸ್ ಮೆಸೇಜನ್ನು ಎಲ್ಲರ ಮುಂದೆ ಹಾಕಿದ. “ತಲೆ ಕೆಡಿಸ್ಕೋಬೇಡ, ಓಡ್ಸು” ಎಂಬಲ್ಲಿಗೆ ಮೆಕ್ಯಾನಿಕ್ ತಲೆ ತಗ್ಗಿಸಿದ.

ಆಯೋಗವೋ, ಚಹದಂಗಡಿಯೋ?

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆಂದು ಮಾಲೀಕ ಎದ್ದ. ಬಾಡಿಗೆ ಗಾಡಿಯವನು ಗ್ರಾಹಕ ಹೇಗಾದಾನು, ಅದು ವ್ಯಾಪಾರವಲ್ಲವೇ ಎಂದು ಯಾರೋ ಅಡ್ಡ ಹಾಕಿದರು. ಆ ಅನುಮಾನ ಹಳೆಯದು. ಸ್ವಂತ ಜೀವನೋಪಾಯಕ್ಕಾಗಿ ಲಾರಿಯನ್ನೋ ಆಟೋವನ್ನೋ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಸ್ವಯಂ ಉದ್ಯೋಗದವನಿಗೆ ಆ ರಕ್ಷಣೆ ಉಳಿದಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ವಿಚಾರಿಸಲು 1915 ಎಂಬ ಸಹಾಯವಾಣಿ ಇದೆ.

ಎಲ್ಲ ಸರಿ. ಆದರೆ ಆಯೋಗದ ಮುಂದಿಡಲು ಇವನ ಕೈಯಲ್ಲಿದ್ದದ್ದೇನು? ಸಹಿಯಿಲ್ಲದ ಚೀಟಿ, ಒಂದು ವಿಡಿಯೋ, ಒಂದು ವಾಯ್ಸ್ ಮೆಸೇಜು, ಬೇರಿಂಗಿನ ಚೂರುಗಳು. ಕೇಸು ನಿಲ್ಲುತ್ತಿತ್ತೇನೋ. ನಡೆಯುವಷ್ಟು ದಿನ ಗಾಡಿಯೂ ನಿಲ್ಲುತ್ತಿತ್ತು! ಕಂತು ಮಾತ್ರ ನಿಲ್ಲುವುದಿಲ್ಲವಲ್ಲ.

ಕಡೆಗೆ ಚಹದಂಗಡಿಯಲ್ಲಿ ಮಾತು ಮುಗಿಯಿತು. ಹೊಸದಾಗಿ ಆಗುವ ಖರ್ಚು 41,000 ಎಂದು ಮೇಸ್ತ್ರಿ ಅಂದಾಜು ಕೊಟ್ಟ, ಈ ಸಲ ಕಾಗದದಲ್ಲಿ, ಸಹಿ ಹಾಕಿ. ಮೆಕ್ಯಾನಿಕ್ ಮಾಡದ ಗ್ರೈಂಡಿಂಗಿನ 4,500 ವಾಪಸು, ಅದರ ಮೇಲೆ 15,500, ಒಟ್ಟು 20,000 ಎರಡು ಕಂತಿನಲ್ಲಿ ಕೊಡುವುದೆಂದು ಒಪ್ಪಿದ. ಓವರ್‌ಲೋಡಿನ ಪಾಲು ಮಾಲೀಕನ ತಲೆಗೆ. “ಇದು ನ್ಯಾಯಾನ ಅಣ್ಣಾ?” ಎಂದು ಕೇಳಿದ ಮಾಲೀಕನಿಗೆ, “ಪೂರ್ತಿ ಅಲ್ಲ. ಆದ್ರೆ ಇವತ್ತೇ ಸಿಕ್ತದೆ” ಎಂದರು ಸ್ಟ್ಯಾಂಡಿನ ಹಿರಿಯರು. ಮೊದಲ ಕಂತು ಅಲ್ಲೇ ಬಂತು. ಎರಡನೆಯದಕ್ಕೆ ಮಾಲೀಕ ಮೂರು ಸಲ ಓಡಾಡಬೇಕಾಯಿತು.

ಕ್ರ್ಯಾಂಕು ಲೇತಿಗೆ ಹೋಗುವಾಗ ಮಾಲೀಕನೂ ಜೊತೆಗೇ ಹೋದ. ಹೊಸ ಬೇರಿಂಗಿನ ಬೆನ್ನಿನ ಮೇಲೆ 0.25 ಎಂದಿರುವುದನ್ನು ತಾನೇ ಓದಿದ. ಹಳೇ ಬಿಡಿಭಾಗಗಳನ್ನೆಲ್ಲ ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ದ. ಹನ್ನೊಂದು ದಿನದ ಮೇಲೆ ಗಾಡಿ ಮತ್ತೆ ಮಂಡಿಯ ಗೇಟು ದಾಟಿದಾಗ ಹಿಂದೆ ಇದ್ದದ್ದು ಬರೀ ಅರವತ್ತು ಬಾಕ್ಸ್.

“ಏನಣ್ಣ, ಅರ್ಧ ಗಾಡಿ ತಂದಿದ್ದೀಯ?” ಎಂದ ಮಂಡಿಯ ಗುಮಾಸ್ತ.

“ಇನ್ನೂ ಏಳ್ನೂರು ಕಿಲೋಮೀಟರ್ ಇದೆ ಸ್ವಾಮಿ” ಎಂದು ಮಾಲೀಕ ಮೀಟರು ನೋಡಿಕೊಂಡ.